ಗಾಲಿಯ ಬಿಲ್ಲೆ ಮತ್ತು ಹನ್ನೆರಡು ಮನೆಯ ಹಣ

ತಲಕಾಡೆಂದರೆ ಹೊರಗಿನವರ ನೆನಪಿಗೆ ಮೊದಲು ಬರುವುದು ಮರಳು. ಮರಳಿನಲ್ಲಿ ಹೂತ ದೇವಾಲಯಗಳು, ಪಂಚಲಿಂಗ ದರ್ಶನದ ಜನಸಂದಣಿ, ಹೊಳೆಯ ಸ್ನಾನ, ಇಷ್ಟೇ ಆ ಊರೆಂದು ತಿಳಿದವರು ಬಹಳ. ಆ ಊರಿನ ಹೆಸರನ್ನೆತ್ತಿ ನಾವು ಕೆಸರಿನ ಮಾತನ್ನು ಆಡಹೊರಟರೆ ಅವರು ನಕ್ಕಾರು. ಆದರೆ ಮರಳದಿಬ್ಬವನ್ನು ಬಿಟ್ಟು ಸ್ವಲ್ಪ ದೂರ ನಡೆದವರಿಗೆ ಗೊತ್ತು. ಮಾಧವಮಂತ್ರಿಯ ಹೆಸರನ್ನು ಹೊತ್ತ ಅಣೆಕಟ್ಟಿನಿಂದ ನಾಲೆಯ ನೀರು ಹರಿದುಬಂದು ಗದ್ದೆಗಳು ತುಂಬಿದ ದಿನ ಆ ಸೀಮೆಯ ಮನೆಗಳಲ್ಲಿ ಬೇರೆ ಮಾತಿರುವುದಿಲ್ಲ. ಮಡಿಯಲ್ಲಿ ಪೈರು ಎದ್ದಿರುತ್ತದೆ, ಗದ್ದೆ ಕೆಸರಾಗಬೇಕು, ನಾಟಿಯ ಹೆಂಗಸರು ಗೊತ್ತಾಗಿರುತ್ತಾರೆ, ಗಾಲಿ ಮಾತ್ರ ಹೂತುಕೊಂಡು ಸುಮ್ಮನೆ ತಿರುಗುತ್ತಿರುತ್ತದೆ.

ಈ ಕಷ್ಟಕ್ಕಾಗಿಯೇ ಟ್ರ್ಯಾಕ್ಟರಿನ ಹಿಂದಿನ ರಬ್ಬರುಗಾಲಿಗಳ ಹೊರಮಗ್ಗುಲಿಗೆ ಕಬ್ಬಿಣದ ಪಂಜರದಂತಹ ಇನ್ನೊಂದು ಗಾಲಿಯನ್ನು ಜೋಡಿಸುವರು. ರೈತರು ಅದನ್ನು ಕೇಜ್ ವೀಲ್ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯುವೆವು. ರಬ್ಬರುಗಾಲಿಗೂ ಈ ಪಂಜರಕ್ಕೂ ನಡುವೆ ತಕ್ಕಷ್ಟು ಎಡೆಯಿರಬೇಕು. ಎಡೆ ಕಡಮೆಯಾದರೆ ಕೆಸರು ಅಲ್ಲಿಯೇ ಸಿಕ್ಕಿಕೊಂಡು ಮುದ್ದೆಗಟ್ಟುವುದು. ಪಂಜರದ ಅಂಚು ಟೈರಿನ ಪಕ್ಕೆಯನ್ನು ಉಜ್ಜುತ್ತ ಉಜ್ಜುತ್ತ ಒಂದೇ ಹಂಗಾಮಿನಲ್ಲಿ ಅದನ್ನು ಕೊಯ್ದುಬಿಡುವುದೂ ಉಂಟು. ಎಡೆ ಕೊಡುವುದಕ್ಕಾಗಿ ನಡುವೆ ಉಕ್ಕಿನ ಬಳೆಯಾಕಾರದ ಬಿಲ್ಲೆಯೊಂದನ್ನು ಇಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿಯುವರು. ಪ್ರಕೃತ ನಾವು ಹೇಳಬೇಕೆಂದಿರುವುದು ಈ ಬಿಲ್ಲೆಯ ವಿಷಯ. ಅದಕ್ಕಿಂತ ಹೆಚ್ಚಾಗಿ, ಹತ್ತು ಹನ್ನೆರಡು ಮನೆಯವರು ಕೂಡಿ ಅದನ್ನು ಮಾಡಿಸಿಕೊಳ್ಳುವ ಬಗೆ.

ಬಿಲ್ಲೆಯೆಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಎತ್ತಿನ ಗಾಡಿಯಲ್ಲಿ ಗುಂಬಕ್ಕೂ ಕಡಾಣಿಗೂ ನಡುವೆ ಕಬ್ಬಿಣದ ಬಿಲ್ಲೆಯಿರುತ್ತಿತ್ತು. ಅದು ಸವೆದರೆ ಗಾಲಿ ಅಚ್ಚಿನ ಮೇಲೆ ಅತ್ತಿತ್ತ ಓಲಾಡತೊಡಗುವುದು. ಮನೆಯ ಯಜಮಾನ ಆ ಸದ್ದಿನಿಂದಲೇ ಬಿಲ್ಲೆ ಹೋಯಿತೆಂದು ತಿಳಿಯುತ್ತಿದ್ದ. ಕೂಡಿ ಮಾಡಿಸುವ ಪದ್ಧತಿಯೂ ಹೊಸದಲ್ಲ. ಮರದ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಏರಿಸಬೇಕಾದರೆ ಬೆರಣಿಯನ್ನು ಸುತ್ತಲೂ ಒಟ್ಟಿ ಬೆಂಕಿಯಿಟ್ಟು, ಪಟ್ಟೆ ಕೆಂಪಗೆ ಕಾದು ಹಿಗ್ಗಿದಾಗ ಗಾಲಿಗೆ ತೊಡಿಸಿ, ಕೂಡಲೇ ನೀರು ಹೊಯ್ದು ಬಿಗಿಸುತ್ತಿದ್ದರು. ಒಂದು ಗಾಲಿಗೆ ಹೊತ್ತಿಸುವ ಬೆಂಕಿಗೂ ನಾಲ್ಕು ಗಾಲಿಗೆ ಹೊತ್ತಿಸುವ ಬೆಂಕಿಗೂ ಬೆರಣಿಯ ಲೆಕ್ಕದಲ್ಲಿ ಹೆಚ್ಚು ಅಂತರವಿಲ್ಲ. ಆದುದರಿಂದ ಕಮ್ಮಾರನು ನಾಲ್ಕಾರು ಗಾಡಿಗಳವರನ್ನು ಒಂದೇ ದಿನಕ್ಕೆ ಗೊತ್ತುಮಾಡಿಕೊಂಡರೆ ಅವನಿಗೂ ಲಾಭ, ಅವರಿಗೂ ಲಾಭ. ಇಂದಿನ ಲೇತ್ ಅಂಗಡಿಯವನ ಲೆಕ್ಕವೂ ಇದೇ; ಬೆರಣಿಯ ಬದಲು ವಿದ್ಯುಚ್ಛಕ್ತಿ ಬಂದಿದೆ ಅಷ್ಟೆ.

ಈ ವ್ಯವಹಾರ ನಮ್ಮ ಸೀಮೆಯೊಂದಕ್ಕೇ ಸೇರಿದುದೂ ಅಲ್ಲ. ಇಂಗ್ಲೆಂಡಿನಲ್ಲಿ ಮೋಟಾರು ಗಾಡಿಯನ್ನು ಬಿಡಿಭಾಗಗಳಾಗಿ ಕೊಂಡುತಂದು ಮನೆಯ ಅಂಗಳದಲ್ಲಿ ತಾವೇ ಜೋಡಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ. ೧೯೫೭ರಲ್ಲಿ ಹೊರಬಂದ ಲೋಟಸ್ ಸೆವೆನ್ ಎಂಬ ಗಾಡಿ ಈ ಬಗೆಗೆ ಹೆಸರಾದುದು. ಬಿಡಿಭಾಗಗಳಾಗಿ ಕೊಂಡರೆ ಅಂದಿನ ಖರೀದಿ ತೆರಿಗೆ ತಪ್ಪುತ್ತಿತ್ತೆಂಬುದೂ ಆ ಹವ್ಯಾಸಕ್ಕೆ ಒಂದು ಕಾರಣವೆಂದರೆ ನಮ್ಮ ವಾಚಕರು ಆಶ್ಚರ್ಯಪಡಲಾರರು. ಒಂದು ಗಾಡಿಯ ಅಚ್ಚು, ಇನ್ನೊಂದರ ಗಾಲಿ, ಮತ್ತೊಂದರ ಮೈ, ಹೀಗೆ ಕೂಡಿಸಿದ ಮೇಲೆ ಗಾಲಿ ಮೈಯೊಳಗೆ ಸರಿಯಾಗಿ ಕೂರದಿದ್ದಾಗ ಅವರಿಗೂ ಬಿಲ್ಲೆ ಬೇಕಾಗುವುದು. ಆ ಅಳತೆಯದು ಅಂಗಡಿಯಲ್ಲಿ ಸಿಕ್ಕದು. ಒಬ್ಬರಿಗಾಗಿ ಮಾಡಿಸಿದರೆ ದುಬಾರಿ; ಆದುದರಿಂದ ಅದೇ ಗಾಡಿಯವರು ಹತ್ತು ಜನ ಕೂಡುವರು. ನಮ್ಮಲ್ಲಿಯೂ ಕಾರಿನ ಗಾಲಿಗಳನ್ನು ಹೊರಚಾಚಿಸಿ ಮೆರೆಯುವ ತರುಣರುಂಟು. ಅವರಿಗೆ ಒಂದು ಮಾತು: ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ನೋಂದಾಯಿತ ವಾಹನವನ್ನು ತಯಾರಕರ ವಿವರಣೆಗೆ ಹೊರತಾಗಿ ಮಾರ್ಪಡಿಸುವುದಕ್ಕೆ ಅಡ್ಡಬರುವುದು. ಅದನ್ನು ಓದಿಕೊಂಡು ಆಮೇಲೆ ಹಣ ಬಿಚ್ಚುವುದು ಒಳ್ಳೆಯದು. ಗದ್ದೆಯ ಕೆಲಸಕ್ಕೆ ಜೋಡಿಸಿ, ಕೆಲಸ ಮುಗಿದೊಡನೆ ಬಿಚ್ಚಿಡುವ ಕೇಜ್ ವೀಲಿನ ಮಾತು ಬೇರೆ.

ಇನ್ನು ಲಾಭದ ಲೆಕ್ಕವನ್ನು ನೋಡುವ. ಇಲ್ಲಿ ಹಿಡಿದಿರುವ ಅಂಕಿಗಳು ಲೆಕ್ಕವು ತಿಳಿಯಾಗಲೆಂದು ಹಿಡಿದವು. ಯಾವ ಅಂಗಡಿಯ ದರವೂ ಅಲ್ಲ. ಬಿಲ್ಲೆಗೆ ರಂಧ್ರ ಕೊರೆಯುವ ಮೊದಲು ಲೇತಿನವನು ಅಳತೆಯನ್ನು ಕೂರಿಸಿ ಕೊರೆಯುವ ಅಚ್ಚೊಂದನ್ನು ಮಾಡಿಕೊಳ್ಳಬೇಕು. ಅದರ ಖರ್ಚು ೬,೦೦೦ ರೂಪಾಯಿ ಎನ್ನೋಣ. ಒಂದು ಜೊತೆ ಬಿಲ್ಲೆಗೆ ಉಕ್ಕು, ಕೂಲಿ, ಬೋಲ್ಟು ಸೇರಿ ೩,೦೦೦ ಎನ್ನೋಣ. ಒಬ್ಬನೇ ಮಾಡಿಸಿದರೆ ೯,೦೦೦ ಬೀಳುವುದು. ಆರು ಜನ ಕೂಡಿದರೆ ತಲಾ ೪,೦೦೦, ಹನ್ನೆರಡು ಜನವಾದರೆ ೩,೫೦೦, ಇಪ್ಪತ್ತನಾಲ್ಕಾದರೆ ೩,೨೫೦. ಒಬ್ಬರಿಂದ ಆರಕ್ಕೆ ಹೋದಾಗ ಉಳಿದುದು ೫,೦೦೦. ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ ಹೋದಾಗ ಉಳಿದುದು ಬರಿಯ ೨೫೦. ಆದರೆ ಇಪ್ಪತ್ತನಾಲ್ಕು ಮನೆಗಳ ಬಾಗಿಲಿಗೆ ತಿರುಗುವ ಕಾಲು ಎರಡರಷ್ಟು ಸವೆಯುವುದು, ಮಾತು ಮುರಿಯುವವರ ಸಂಖ್ಯೆಯೂ ಎರಡರಷ್ಟಾಗುವುದು. ಗುಂಪು ದೊಡ್ಡದಾದಷ್ಟೂ ಲಾಭವೆಂಬ ಸಾಮಾನ್ಯವಾದ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಎಂಟರಿಂದ ಹನ್ನೆರಡು ಮನೆ ಸಾಕು. ನೆರೆಯ ಊರಿನವರು ತಾವೂ ಸೇರುವೆವೆಂದು ಬಂದರೆ, ಅವರದೇ ಇನ್ನೊಂದು ಗುಂಪು ಮಾಡಿಕೊಳ್ಳಲೆಂದು ಹೇಳಿ ಅಳತೆಯ ಕಾಗದವನ್ನು ಕೊಟ್ಟು ಕಳುಹಿಸಬಹುದು. ಅಚ್ಚು ಲೇತಿನವನಲ್ಲಿ ಹೇಗೂ ಇದೆ. ಅವರಿಗೂ ಕಡಮೆಗೆ ಆದೀತು.

ಮೇಲಣ ಲೆಕ್ಕದಲ್ಲಿ ಒಂದು ತೊಡಕಿದೆ. ಹನ್ನೆರಡು ಮನೆಯೆಂದರೆ ಹನ್ನೆರಡೂ ಒಂದೇ ಗಾಲಿಯಲ್ಲ. ಒಬ್ಬನದು ಒಂದು ಕಂಪೆನಿಯ ಟ್ರ್ಯಾಕ್ಟರು, ಇನ್ನೊಬ್ಬನದು ಬೇರೆ; ಬೋಲ್ಟುಗಳ ಸಂಖ್ಯೆ ಒಂದೇ ಆಗಿದ್ದರೂ ಅವು ನಿಂತಿರುವ ಸುತ್ತು ಬೇರೆಯಾಗಿರಬಹುದು. ಐದು, ನಾಲ್ಕು, ಮೂರು ಎಂದು ಮೂರು ಬಗೆಯಾದರೆ ಮೂರು ಅಚ್ಚು ಬೇಕು. ಆಗ ಬಗೆಬಗೆಯಾಗಿ ಹಂಚಿದರೆ ಐವರ ಗುಂಪಿಗೆ ತಲಾ ೪,೨೦೦, ನಾಲ್ವರಿಗೆ ೪,೫೦೦, ಮೂವರಿಗೆ ೫,೦೦೦. ಎಲ್ಲವನ್ನೂ ಕೂಡಿ ಸಮನಾಗಿ ಹಂಚಿದರೆ ಎಲ್ಲರಿಗೂ ೪,೫೦೦. ಯಾವುದು ನ್ಯಾಯವೆಂದು ಕೇಳಿದರೆ ಎರಡಕ್ಕೂ ಸಮಾಧಾನ ಹೇಳಬಹುದು. ನಮ್ಮ ಒಲವು ಸಮಪಾಲಿನ ಕಡೆಗೆ; ಏಕೆಂದರೆ ನಾಳೆ ಐವರಲ್ಲೊಬ್ಬನ ಗಾಡಿ ಕೆಟ್ಟುನಿಂತಾಗ ಅವನ ಗದ್ದೆಯನ್ನು ಹದ ಮಾಡಿಕೊಡುವವನು ಆ ಮೂವರಲ್ಲೊಬ್ಬನಾಗಿರುವ ಸಂಭವವುಂಟು. ಆದರೆ ಯಾವ ಬಗೆಯೆಂಬುದು ಹಣ ಕೊಡುವ ಮೊದಲೇ ಹನ್ನೆರಡು ಜನರ ಎದುರಿನಲ್ಲಿ ತೀರ್ಮಾನವಾಗಬೇಕು. ಸಾಮಾನು ಬಂದಿಳಿದ ಮೇಲೆ ಈ ಚರ್ಚೆ ತೆಗೆದರೆ ಮುನ್ನೂರು ರೂಪಾಯಿಗಾಗಿ ಮೂರು ವರ್ಷ ಮಾತು ಬಿಡುವರು.

ಅಳತೆಯ ವಿಷಯಕ್ಕೆ ಬರುವ. ಕ್ಯಾಟಲಾಗಿನಲ್ಲಿದೆ, ನನ್ನ ಭಾವನ ಗಾಡಿಯೂ ಇದೇ, ಹೋದ ವರ್ಷ ಯಾರೋ ಹೇಳಿದ್ದರು, ಎಂಬ ಮಾತುಗಳನ್ನು ಅಳತೆಯೆಂದು ಸ್ವೀಕರಿಸಬಾರದು. ಒಬ್ಬನೇ ಮನುಷ್ಯನು ಒಂದೇ ವರ್ನಿಯರ್ ಕ್ಯಾಲಿಪರು ಹಿಡಿದು ಎಲ್ಲ ಗಾಡಿಗಳನ್ನೂ ಅಳೆಯತಕ್ಕದ್ದು. ಅಳೆಯಬೇಕಾದುವು ಐದು: ಬೋಲ್ಟುಗಳ ಸಂಖ್ಯೆ, ಅವು ನಿಂತಿರುವ ಸುತ್ತಿನ ವ್ಯಾಸ, ನಡುವಿನ ದೊಡ್ಡ ರಂಧ್ರದ ವ್ಯಾಸ, ಬೋಲ್ಟಿನ ದಪ್ಪ ಮತ್ತು ಅದರ ಮರೆ, ಬೇಕಾದ ಎಡೆ. ಬೋಲ್ಟುಗಳು ಆರೋ ಎಂಟೋ ಆಗಿದ್ದರೆ ಸುತ್ತಿನ ವ್ಯಾಸವನ್ನು ಅಳೆಯುವುದು ಸುಲಭ. ಒಂದು ರಂಧ್ರದ ಎಡ ಅಂಚಿನಿಂದ ಅದಕ್ಕೆ ನೇರವಾಗಿ ಎದುರಿರುವ ರಂಧ್ರದ ಎಡ ಅಂಚಿನವರೆಗೆ ಅಳೆದರಾಯಿತು; ನಡುಬಿಂದುವನ್ನು ಕಣ್ಣಂದಾಜಿನಲ್ಲಿ ಹುಡುಕಬೇಕಾಗಿಲ್ಲ. ಐದು ಬೋಲ್ಟುಗಳಿದ್ದರೆ ಎದುರಿಗೆ ರಂಧ್ರವೇ ಇರುವುದಿಲ್ಲ. ಆಗ ಪಕ್ಕಪಕ್ಕದ ಎರಡು ರಂಧ್ರಗಳ ಅಂತರವನ್ನು ಅದೇ ರೀತಿ ಅಂಚಿನಿಂದ ಅಂಚಿಗೆ ಅಳೆದು ೧.೭೦ರಿಂದ ಗುಣಿಸಿದರೆ ವ್ಯಾಸ ದೊರೆಯುವುದು. ಹೈಸ್ಕೂಲಿನ ಮಗಳೋ ಮಗನೋ ಮನೆಯಲ್ಲಿದ್ದರೆ ಈ ಗುಣಾಕಾರವನ್ನು ಅವರ ಕೈಯಲ್ಲಿ ಮಾಡಿಸಿ. ಅದು ಏಕೆ ೧.೭೦ ಎಂಬುದನ್ನೂ ಅವರೇ ಹೇಳಲಿ.

ಎಡೆಯನ್ನು ಮಾತ್ರ ಗಾಡಿಯನ್ನು ಜಾಕಿಯ ಮೇಲೆ ಎತ್ತಿ ಅಳೆಯಬಾರದು. ಭಾರ ಬಿದ್ದಾಗ ಟೈರಿನ ಪಕ್ಕೆ ಉಬ್ಬುವುದು. ಕೆಲಸದ ದಿನ ಎಷ್ಟು ಗಾಳಿಯಿರುವುದೋ ಅಷ್ಟೇ ಗಾಳಿಯಿಟ್ಟು, ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿಯೇ ಅಳೆಯಬೇಕು. ಬಿಲ್ಲೆ ದಪ್ಪವಾದಷ್ಟೂ ಒಳ್ಳೆಯದೆಂದು ಕೆಲವರು ತಿಳಿಯುವರು. ಹಾಗಲ್ಲ. ಬಿಲ್ಲೆ ಎಷ್ಟು ದಪ್ಪವಾದರೆ ಪಂಜರವು ಅಷ್ಟು ಹೊರಗೆ ಹೋಗುವುದು. ಉದ್ದನೆಯ ಕೋಲಿನ ತುದಿಗೆ ಬಿಂದಿಗೆ ಕಟ್ಟಿ ಹೊತ್ತಂತೆ ಅಚ್ಚಿಗೂ ಬೇರಿಂಗಿಗೂ ಸೆಳೆತ ಹೆಚ್ಚುವುದು. ಕೆಸರು ಜಾರಿಹೋಗುವಷ್ಟು ಎಡೆ ಸಾಕು. ಬೋಲ್ಟಿನ ಉದ್ದವೂ ಬಿಲ್ಲೆಯ ದಪ್ಪದಷ್ಟು ಬೆಳೆಯಬೇಕೆಂಬುದನ್ನು ಮರೆಯಬಾರದು. ಬೋಲ್ಟಿನ ದಪ್ಪ ಎಷ್ಟೋ, ಕಡಮೆಯೆಂದರೆ ಅಷ್ಟುದ್ದದ ಮರೆಯಾದರೂ ನಟ್ಟಿನೊಳಕ್ಕೆ ಹೋಗಿರತಕ್ಕದ್ದು. ಹಳೆಯ ಬೋಲ್ಟಿನಲ್ಲಿಯೇ ಹೇಗೋ ನಡೆಸಿಕೊಳ್ಳುವೆನೆಂದು ನಾಲ್ಕು ಕಾಸು ಉಳಿಸುವವನನ್ನು ಗುಂಪಿಗೆ ಸೇರಿಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಇಷ್ಟು ನಿಷ್ಠುರವಾಗಿ ಬರೆಯುವುದಕ್ಕೆ ಕಾರಣವುಂಟು. ಗಾಲಿ ಗದ್ದೆಯಲ್ಲಿ ಸಡಿಲವಾದರೆ ಹೋಗುವುದು ಒಂದು ದಿನದ ಕೆಲಸ. ದಾರಿಯಲ್ಲಿ ಸಡಿಲವಾದರೆ ಏನು ಹೋಗುವುದೆಂದು ಹೇಳಬೇಕಾಗಿಲ್ಲ. ನಾಟಿಯ ಕಾಲದಲ್ಲಿ ಹತ್ತು ಹದಿನೈದು ಹೆಂಗಸರು ಬುತ್ತಿಯ ಗಂಟಿನೊಡನೆ ಟ್ರೈಲರಿನಲ್ಲಿ ಕುಳಿತು ಹೋಗುವುದನ್ನು ಎಲ್ಲರೂ ಕಂಡಿದ್ದಾರೆ. ಚಾಲಕನ ಪಕ್ಕದ ಮಡ್‌ಗಾರ್ಡಿನ ಮೇಲೆ, ಗಾಲಿಗೆ ಒಂದು ಗೇಣು ಮೇಲೆ, ಮನೆಯ ಹುಡುಗ ಕುಳಿತಿರುವುದನ್ನೂ ಕಂಡಿದ್ದಾರೆ. ಕಾನೂನು ಇದನ್ನು ಒಪ್ಪದು, ನಾವೂ ಒಪ್ಪೆವು, ಆದರೂ ನಡೆಯುತ್ತಿದೆ. ಆದುದರಿಂದ ಬಿಲ್ಲೆ, ಪಂಜರ ಎರಡೂ ಗದ್ದೆಯ ಬದುವಿನಲ್ಲಿಯೇ ಕಳಚಿಕೊಳ್ಳುವಂತಿರಬೇಕು. ಕಳಚಿಯೇ ರಸ್ತೆಗೆ ಹತ್ತಬೇಕು. ಕಳಚಿದ ಮೇಲೆ ರಬ್ಬರುಗಾಲಿಯನ್ನು ಅದರ ಹಳೆಯ ಬೋಲ್ಟುಗಳಿಂದಲೇ ಬಿಗಿಯಬೇಕು. ಪಂಜರದ ಉಕ್ಕಿನ ಪಟ್ಟಿಗಳು ಡಾಂಬರನ್ನು ಸೀಳಿಬಿಡುವುದೂ ಇದಕ್ಕೆ ಇನ್ನೊಂದು ಕಾರಣ. ಊರಿನ ರಸ್ತೆಯನ್ನು ಊರಿನವರೇ ಉತ್ತುಹಾಕಿ, ಆಮೇಲೆ ಪಂಚಾಯತಿಯನ್ನು ಬಯ್ಯುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ.

ಹನ್ನೆರಡು ಜೊತೆಗೂ ಒಮ್ಮೆಗೇ ಹೇಳಿಬಿಡುವುದು ತರವಲ್ಲ. ಮೊದಲು ಒಂದೇ ಒಂದು ಜೊತೆ ಮಾಡಿಸಿ ಪರೀಕ್ಷಿಸಬೇಕು. ಬಿಲ್ಲೆಯ ದಪ್ಪವನ್ನು ನಾಲ್ಕು ಕಡೆ ಅಳೆದರೆ ನಾಲ್ಕೂ ಒಂದೇ ಬರಬೇಕು. ಇಲ್ಲದಿದ್ದರೆ ಗಾಲಿ ಓಲಾಡುವುದು. ನಡುವಿನ ರಂಧ್ರವು ಅಚ್ಚಿನ ಮೂತಿಯ ಮೇಲೆ ಕೈಯ ಬಲಕ್ಕೆ ಕೂರಬೇಕು. ಸುತ್ತಿಗೆಯ ಬಲಕ್ಕೆ ಅಲ್ಲ. ಕೂರುವ ಎರಡು ಮುಖಗಳಿಗೆ ಬಣ್ಣ ಬಳಿಯಿಸಬಾರದು: ಬಿಗಿದಾಗ ಬಣ್ಣದ ಪದರವು ನಲುಗಿ ತೆಳುವಾಗಿ ಬೋಲ್ಟು ತಾನೇ ಸಡಿಲವಾಗುವುದು. ತುಕ್ಕಿಗೆ ಎಣ್ಣೆ ಸವರಿದರೆ ಸಾಕು. ಅದನ್ನೂ ಜೋಡಿಸುವ ಮೊದಲು ಒರೆಸಬೇಕು. ಜೋಡಿಸಿದ ಗಾಡಿಯನ್ನು ಒಂದೆರಡು ಗಂಟೆ ಕೆಲಸಕ್ಕೆ ಹಚ್ಚಿ, ನಿಲ್ಲಿಸಿ, ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಬೇಕು. ಎಲ್ಲವೂ ಸರಿಯಾಗಿದ್ದರೆ ಹನ್ನೆರಡು ಜನರೂ ಬಂದು ಕಣ್ಣಾರೆ ಕಂಡು ಸರಿಯೆಂದ ಮೇಲೆ ಉಳಿದುದಕ್ಕೆ ಅಪ್ಪಣೆ ಕೊಡತಕ್ಕದ್ದು. ತೂಕವೂ ಒಳ್ಳೆಯ ಪರೀಕ್ಷೆ. ಹೊರವ್ಯಾಸ ೨೫೦ ಮಿಲಿಮೀಟರು, ಒಳರಂಧ್ರ ೧೫೦, ದಪ್ಪ ೫೦ ಇರುವ ಉಕ್ಕಿನ ಬಿಲ್ಲೆ ರಂಧ್ರಗಳನ್ನು ಕೊರೆಯುವ ಮೊದಲು ಸುಮಾರು ೧೨ ಕಿಲೋ ತೂಗುವುದು. ಬತ್ತದ ಮೂಟೆ ತೂಗುವ ತಕ್ಕಡಿ ಎಲ್ಲರ ಮನೆಯಲ್ಲಿಯೂ ಉಂಟಷ್ಟೆ. ಅದರ ಮೇಲಿಟ್ಟು ನೋಡಬಹುದು. ಹನ್ನೆರಡು ಜೊತೆಯೆಂದರೆ ಸುಮಾರು ೩೦೦ ಕಿಲೋ ಆಗುವುದರಿಂದ, ಮೈಸೂರಿನಲ್ಲಿ ಮಾಡಿಸಿದರೆ ತರುವ ಬಾಡಿಗೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನರಸೀಪುರದಲ್ಲಿಯೇ ಆಗುವ ಕೆಲಸಕ್ಕೆ ಮೈಸೂರಿನ ಹೆಬ್ಬಾಳಿನವರೆಗೋ ಮೇಟಗಳ್ಳಿಯವರೆಗೋ ಹೋಗಿ ಇನ್ನೂರು ರೂಪಾಯಿ ಉಳಿಸಿ ಐನೂರು ಬಾಡಿಗೆ ತೆರುವುದುಂಟು.

ಈಗ ಹಣದ ಮಾತು. ಮನೆಯೊಡತಿಯರು ಗಮನವಿಟ್ಟು ಓದಬೇಕಾದುದು ಇದನ್ನೇ. ಇಂತಹ ಕೆಲಸಗಳಲ್ಲಿ ಮುಂದಾಳಾಗುವವನು ಸಾಮಾನ್ಯವಾಗಿ ಒಳ್ಳೆಯವನೇ. ಲಾಭದಾಸೆಯಿಲ್ಲ, ನಾಲ್ಕು ಜನಕ್ಕೆ ಉಪಕಾರವಾಗಲೆಂದು ಹೊರಡುತ್ತಾನೆ. ಬೀದಿಯಲ್ಲಿ ಎದುರಾದವನೊಬ್ಬನು, “ಅಣ್ಣ, ನನ್ನದೂ ಒಂದು ಜೊತೆ ಸೇರಿಸಿಬಿಡು, ದುಡ್ಡು ಆಮೇಲೆ ಕೊಡ್ತೀನಿ” ಎನ್ನುತ್ತಾನೆ. ಈತ ಆಗಲೆನ್ನುತ್ತಾನೆ. ಇನ್ನೊಬ್ಬನು ಸಂತೆಯ ದಿನ ಐನೂರರ ನೋಟೊಂದನ್ನು ಕೈಗಿಟ್ಟು ಹೋಗುತ್ತಾನೆ. ಅದು ಅಂಗಿಯ ಜೇಬಿಗೆ ಸೇರಿ, ಅಲ್ಲಿಂದ ಮಕ್ಕಳ ಪುಸ್ತಕಕ್ಕೋ ಹಸುವಿನ ಹಿಂಡಿಗೋ ವೆಚ್ಚವಾಗುತ್ತದೆ. ಕದಿಯಬೇಕೆಂಬ ಬುದ್ಧಿ ಯಾರಲ್ಲಿಯೂ ಇಲ್ಲ. ಆದರೂ ಮೂರು ತಿಂಗಳ ಮೇಲೆ ಲೇತಿನವನ ಮುಂದೆ ನಿಂತು ಲೆಕ್ಕ ಕೂಡಿಸುವಾಗ ಕೊರತೆ ಬೀಳುವುದು. ಆ ಕೊರತೆಯನ್ನು ತುಂಬುವುದಕ್ಕೆ ಮನೆಯೊಡತಿಯ ಚೀಟಿಯ ಹಣವೋ ಕೈಬಳೆಯೋ ಹೊರಗೆ ಬರುವುದು. ಬಳೆ ಹೋದುದಕ್ಕಿಂತಲೂ, ಕೊಟ್ಟವನು ಕೊಟ್ಟೆನೆನ್ನುವುದು, ಈತ ನೆನಪಿಲ್ಲವೆನ್ನುವುದು, ಇದು ಹೆಚ್ಚಿನ ನಷ್ಟ.

ಮಾಡಿಸಿದ ಸಾಮಾನು ಅಂಗಡಿಯಿಂದ ಕೊಂಡ ಸಾಮಾನಿನಂತಲ್ಲವೆಂಬುದು ಇಲ್ಲಿಯ ಮುಖ್ಯ ಸಂಗತಿ. ಅಂಗಡಿಯ ಕೊಡಪಾನ ಬೇಡವಾದರೆ ಹಿಂದಿರುಗಿಸಬಹುದು, ಇನ್ನೊಬ್ಬರು ಕೊಳ್ಳುವರು. ಒಂದು ಗಾಡಿಯ ಅಳತೆಗೆ ಕೊರೆದ ಬಿಲ್ಲೆಯನ್ನು ಯಾರೂ ಕೊಳ್ಳಲಾರರು. ಮೊದಲ ಲೆಕ್ಕದಂತೆ ಹನ್ನೆರಡೂ ಒಂದೇ ಬಗೆಯದಾಗಿ ಒಟ್ಟು ೪೨,೦೦೦ ರೂಪಾಯಿ ಆಯಿತೆನ್ನಿ. ಉಕ್ಕು ಕತ್ತರಿಸಿದ ಮೇಲೆ ಇಬ್ಬರು ಹಿಂದೆ ಸರಿದರೆ ೭,೦೦೦ ರೂಪಾಯಿ ಮುಂದಾಳಿನ ತಲೆಗೆ ಬರುವುದು. ಅರ್ಧ ಮುಂಗಡವನ್ನು ಮೊದಲೇ ಪಡೆದಿದ್ದರೆ ಆ ಇಬ್ಬರ ೩,೫೦೦ ಕೈಯಲ್ಲಿರುವುದು. ಉಳಿದ ೩,೫೦೦ಕ್ಕೆ ಎರಡು ಜೊತೆ ಬಿಲ್ಲೆಗಳನ್ನು ಮಂಚದ ಕೆಳಗೆ ಇಟ್ಟುಕೊಂಡು ಕೂರಬೇಕು. ಆದುದರಿಂದ ಮಾದರಿಯನ್ನು ಒಪ್ಪಿದ ದಿನವೇ ಅರ್ಧ, ಉಳಿದ ಅರ್ಧ ಲೇತಿನವನು ಉಕ್ಕು ಕತ್ತರಿಸುವ ಮೊದಲು, ಎಂದು ಕಟ್ಟುಪಾಡು ಮಾಡುವುದೇ ಸರಿ. ಹಣ ಕೊಡದವನ ಹೆಸರು ಪಟ್ಟಿಯಲ್ಲಿಲ್ಲ. ಅವನು ಸೋದರಮಾವನಾದರೂ ಇಲ್ಲ. ಸೋದರಮಾವನಿಗೆ ಉಪಕಾರ ಮಾಡಬೇಕೆಂದಿದ್ದರೆ ತನ್ನ ಸ್ವಂತ ಹಣವನ್ನು ಅವನಿಗೆ ಸಾಲವಾಗಿ ಕೊಟ್ಟು, ಅವನ ಹೆಸರಿನಲ್ಲಿ ಜಮೆ ಮಾಡಲಿ. ಹನ್ನೊಂದು ಜನರ ಹಣದಿಂದ ಉಪಕಾರ ಮಾಡುವ ಹಕ್ಕು ಅವನಿಗಿಲ್ಲ.

ಮಾದರಿಯ ಜೊತೆಗೆ ತಗಲುವ ಹಣದ ಗತಿಯೇನೆಂದು ಕೇಳುವರು. ಅಚ್ಚಿನ ಖರ್ಚು ಮಾದರಿಯಲ್ಲಿಯೇ ಬಿದ್ದುಹೋಗುವುದರಿಂದ ಅದಕ್ಕೆ ತಲಾ ಐನೂರನ್ನು ಎಲ್ಲರೂ ಮೊದಲೇ ಕೊಡತಕ್ಕದ್ದು. ಈ ಐನೂರು ಅರ್ಧ ಮುಂಗಡದಲ್ಲಿಯೇ ವಜಾ ಆಗುವುದು, ಆದರೆ ಹಿಂದೆ ಸರಿದವನಿಗೆ ಹಿಂದಿರುಗದು. ಮೊದಲಿನ ಈ ಸಣ್ಣ ತೆರಿಗೆಯಿಂದ ಒಂದು ಉಪಯೋಗವುಂಟು. ಬಾಯಿಮಾತಿನ ಇಪ್ಪತ್ತು ಜನರಲ್ಲಿ ನಿಜವಾಗಿ ಬೇಕಾದ ಹನ್ನೆರಡು ಮಂದಿ ಯಾರೆಂಬುದು ತಾನೇ ಗೊತ್ತಾಗುವುದು.

ಲೆಕ್ಕವನ್ನು ಬರೆಯುವವರು ಮನೆಯೊಡತಿಯರಾದರೆ ಒಳ್ಳೆಯದೆಂದು ನಮಗೆ ತೋರುತ್ತದೆ. ಸ್ವಸಹಾಯ ಸಂಘಗಳ ಪುಸ್ತಕಗಳನ್ನು ಬರೆದು ನಮ್ಮ ಹಳ್ಳಿಯ ಹೆಂಗಸರಿಗೆ ಜಮಾ ಖರ್ಚಿನ ಅಭ್ಯಾಸ ಚೆನ್ನಾಗಿ ಆಗಿದೆ. ವಾರವಾರವೂ ಎಲ್ಲರೆದುರು ಲೆಕ್ಕ ಓದುವ ರೂಢಿ ಗಂಡಸರಿಗಿಂತ ಅವರಿಗೇ ಹೆಚ್ಚು. ಒಂದು ನೋಟುಪುಸ್ತಕ, ಎಡಗಡೆ ಹೆಸರು, ಗಾಡಿ, ಅಳತೆ, ಬಲಗಡೆ ಕೊಟ್ಟ ಹಣ, ತಾರೀಖು, ಕೊಟ್ಟವರ ರುಜು. ಹಣ ಮನೆಯ ಸಾಸಿವೆ ಡಬ್ಬಿಗೆ ಹೋಗಬಾರದು. ಬ್ಯಾಂಕಿನ ಬೇರೆ ಖಾತೆಗೇ ಹೋಗಬೇಕು. ಫೋನಿನಲ್ಲಿ ಹಣ ಕಳುಹಿಸುವ ಇಂದಿನ ಅನುಕೂಲವನ್ನು ನಾವು ಹಳೆಯ ಕಾಲದವರಾದರೂ ಮೆಚ್ಚುತ್ತೇವೆ. ಅದರಲ್ಲಿ ತಾರೀಖು ಮರೆತುಹೋಗುವುದಿಲ್ಲ. ಆದರೂ ಪುಸ್ತಕದಲ್ಲಿ ಬರೆಯುವುದನ್ನು ಬಿಡಬಾರದು. ಲೇತಿನವನಿಂದ ಅಳತೆ, ದಪ್ಪ, ಉಕ್ಕಿನ ಬಗೆ, ಕೊಡುವ ದಿನ ಇವುಗಳನ್ನು ಕಾಣಿಸಿದ ಬರಹವೂ, ಕೊನೆಯಲ್ಲಿ ತೆರಿಗೆ ಸಹಿತವಾದ ಬಿಲ್ಲೂ ಬರತಕ್ಕದ್ದು. ಬಿಲ್ಲಿಲ್ಲದಿದ್ದರೆ ಸ್ವಲ್ಪ ಕಡಮೆಯಾಗುವುದೆಂದು ಅವನು ಹೇಳಿದರೆ, ಬಿಲ್ಲೆಯಲ್ಲಿ ಬಿರುಕು ಕಂಡ ದಿನ ಅವನು ಏನು ಹೇಳುವನೆಂಬುದನ್ನೂ ಊಹಿಸಿಕೊಳ್ಳಬಹುದು.

ಊರಿನಲ್ಲಿ ಸಹಕಾರ ಸಂಘವಿರುವಾಗ ಈ ಕೆಲಸವನ್ನು ಅದಕ್ಕೇ ಏಕೆ ಒಪ್ಪಿಸಬಾರದೆಂಬ ಪ್ರಶ್ನೆ ಯೋಗ್ಯವಾದುದೇ. ಸಹಕಾರವು ಕನ್ನಡನಾಡಿಗೆ ಹೊಸದಲ್ಲ: ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಸಾಲದ ಸಂಘ. ಕೂಡಿ ಕೊಳ್ಳುವ ಸಂಘಗಳ ಮಾತು ಬಂದಾಗ ಇಂಗ್ಲೆಂಡಿನ ರಾಚ್‌ಡೇಲಿನವರನ್ನು ನೆನೆಯುವುದುಂಟು. ೧೮೪೪ರಲ್ಲಿ ಅಲ್ಲಿಯ ೨೮ ಮಂದಿ, ಅವರಲ್ಲಿ ನೇಕಾರರೂ ಇದ್ದರು, ತಲಾ ಒಂದು ಪೌಂಡಿನ ಪಾಲು ಹಾಕಿ ಅಂಗಡಿ ತೆರೆದರು. ಅಂಗಡಿಯಲ್ಲಿದ್ದುದು ಹಿಟ್ಟು, ಬೆಣ್ಣೆ, ಸಕ್ಕರೆ ಮುಂತಾದ ಕೆಲವೇ ಪದಾರ್ಥ. ಅವರು ಬಿಗಿಯಾಗಿ ಹಿಡಿದ ನಿಯಮ, ಸಾಲವಿಲ್ಲ, ನಗದು ಮಾತ್ರ, ಎಂಬುದು. ಹಿಟ್ಟು ಬೆಣ್ಣೆಗೇ ಈ ನಿಯಮ ಬೇಕಾದರೆ, ಹಿಂದಿರುಗಿಸಲಾಗದ ಉಕ್ಕಿಗೆ ಬೇಡವೆ? ನಮ್ಮ ಊರ ಸಂಘಗಳಿಗೆ ಗೊಬ್ಬರ, ಬಿತ್ತನೆಬೀಜಗಳ ಹಂಚಿಕೆ ಪರಿಚಿತ. ಮನೆಮನೆಗೂ ಬೇರೆಯಾದ ಅಳತೆಯ ಸಾಮಾನಿಗೆ ಆಡಳಿತ ಮಂಡಳಿಯ ಸಭೆ ಸೇರಿ, ಠರಾವಾಗಿ, ದರಪಟ್ಟಿ ತರಿಸಿ ಮುಗಿಸುವ ಹೊತ್ತಿಗೆ ನಾಟಿಯೇ ಮುಗಿದೀತು. ಆದುದರಿಂದ ಸಣ್ಣ ಕೆಲಸಕ್ಕೆ ಸಣ್ಣ ಗುಂಪೇ ಸಾಕು. ಪಂಜರಗಳನ್ನೇ ಕೊಂಡಿಟ್ಟು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಆಗ ಸಂಘದ ಬಾಗಿಲಿಗೆ ಹೋಗುವುದು ಯುಕ್ತ.

ಕಾಲದ ವಿಷಯವಾಗಿ ಎರಡು ಮಾತು. ನಾಲೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ಅಳತೆ ತೆಗೆಯಹೊರಟರೆ, ಸುತ್ತಲ ಹತ್ತು ಊರಿನವರೂ ಅದೇ ಲೇತಿನವನ ಮುಂದೆ ನಿಂತಿರುವರು, ಅವನು ನಾಳೆಯೆನ್ನುವನು. ನಮ್ಮ ಎಣಿಕೆಯಲ್ಲಿ ಮುಡುಕುತೊರೆಯ ಜಾತ್ರೆಯೇ ಮಾತು ಎತ್ತಲು ಸರಿಯಾದ ಕಾಲ. ದನಗಳ ವ್ಯಾಪಾರಕ್ಕೆಂದು ಎಲ್ಲರೂ ಅಲ್ಲಿ ಸೇರುವರು. ಬತ್ತದ ಹಣವೂ ಕೈಯಲ್ಲಿ ಅಷ್ಟಿಷ್ಟು ಉಳಿದಿರುವುದು. ಯುಗಾದಿಯೊಳಗೆ ಅಳತೆ, ಬಸವಜಯಂತಿಯ ಹೊತ್ತಿಗೆ ಮಾದರಿ, ಕಾರಹುಣ್ಣಿಮೆಯ ಒಳಗೆ ಸಾಮಾನು ಮನೆಗೆ, ಹೀಗೆ ಇಟ್ಟುಕೊಂಡರೆ ಲೇತಿನವನು ಹದಿನೈದು ದಿನ ತಡಮಾಡಿದರೂ ಗದ್ದೆ ಕಾಯದು. ಅವನು ತಡಮಾಡಿಯೇ ಮಾಡುವನು.

ಸಾಮಾನು ಬಂದ ದಿನ ಎಲ್ಲರೂ ಒಂದೇ ಕಡೆ ಸೇರಿ, ತಮ್ಮ ತಮ್ಮ ಜೊತೆಯನ್ನು ತಮ್ಮ ಗಾಡಿಗೇ ಇಟ್ಟುನೋಡಿ ಒಪ್ಪಿಕೊಂಡು ರುಜು ಮಾಡತಕ್ಕದ್ದು. ಪ್ರತಿಯೊಂದು ಬಿಲ್ಲೆಯ ಹೊರ ಅಂಚಿನ ಮೇಲೆ ಅಂಕಿಯನ್ನು ಉಳಿಯಿಂದ ಗುರುತು ಮಾಡಿಸಿದ್ದರೆ ಒಬ್ಬನದು ಇನ್ನೊಬ್ಬನ ಕೊಟ್ಟಿಗೆ ಸೇರದು. ಕೂರದ ಬಿಲ್ಲೆ ಬಂದರೆ ನೋಟುಪುಸ್ತಕದ ಎಡಗಡೆಯನ್ನು ನೋಡಬೇಕು: ಅಲ್ಲಿ ಬರೆದ ಅಳತೆಯಂತೆ ಇಲ್ಲದಿದ್ದರೆ ಲೇತಿನವನು ಬದಲಿಸಿಕೊಡಬೇಕು, ಅಳತೆಯಂತೆಯೇ ಇದ್ದರೆ ಅಳೆದವರ ಪೈಕಿ ಆ ನಷ್ಟವನ್ನು ಹನ್ನೆರಡು ಜನರೂ ಹಂಚಿಕೊಳ್ಳಬೇಕು, ಏಕೆಂದರೆ ಅಳೆದವನು ಕೂಲಿ ತೆಗೆದುಕೊಂಡು ಅಳೆದವನಲ್ಲ. ಬಾಡಿಗೆ, ಬಸ್ಸಿನ ಖರ್ಚು, ಫೋನಿನ ಖರ್ಚು ಕಳೆದು ಉಳಿದ ಹಣ ತಲಾ ಹದಿನೆಂಟು ರೂಪಾಯಿಯಾದರೂ ಸರಿ, ಅದೇ ದಿನ ಹಿಂದಕ್ಕೆ ಕೊಟ್ಟು ಖಾತೆಯನ್ನು ಮುಗಿಸಬೇಕು. ಅಳತೆಯ ಪುಸ್ತಕವನ್ನು ಮಾತ್ರ ಎಸೆಯದೆ, ಗಾಡಿಯ ಕಾಗದಪತ್ರಗಳ ಜೊತೆಗೆ ಇಟ್ಟಿರಿ. ಬೋಲ್ಟು ಸವೆದು ಹೊಸದು ತರುವಾಗ ಅದೇ ಉದ್ದ, ಅದೇ ಮರೆ ಬೇಕಾಗುವುದು.